ಮಾತಾಡದ ಮಿಷನ್ನೇ ಇರಲಿ ಎಂದೆ

"ಊಟ ಆಯ್ತಾ?" ಎಂದು ಟೈಪ್ ಮಾಡಿದೆ.

ಮಿಷನ್ನು ಅಮೆರಿಕದ ಗಂಡಸಿನ ದನಿಯಲ್ಲಿ, ಬಾಯಿ ತುಂಬಾ ಬಿಸಿ ಮುದ್ದೆ ಇಟ್ಟುಕೊಂಡವನ ಹಾಗೆ ಏನೋ ಉಗುಳಿತು. ರಾಮನಗರದ ಜಿಲ್ಲಾ ಕಚೇರಿಯ ಸಭಾಂಗಣದಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ನಾನೂ ನಕ್ಕೆ. ಅದಕ್ಕೆ ಕನ್ನಡ ಬರುವುದಿಲ್ಲ, ಪಾಪ.

ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ, ನನಗೆ ಕಣ್ಣು ಕಾಣುವುದಿಲ್ಲ. ಕನಕಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್. ನಮ್ಮಂಥ ನೌಕರರಿಗೆ ಟಿಪ್ಪಣಿ ಬರೆದುಕೊಳ್ಳಲು ಒಂದು ಎಲೆಕ್ಟ್ರಾನಿಕ್ ಯಂತ್ರ ಕೊಡುತ್ತೇವೆ, ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡಬಹುದು ಎಂದು ಆರ್ಡರ್ ಬಂತು. ಮೂರು ಮಾದರಿ. ಒಂದನ್ನು ಆರಿಸಿಕೊಳ್ಳಬೇಕು. ತೋರಿಸಲು ಬೆಂಗಳೂರಿನಿಂದ ರಾಮನಗರಕ್ಕೆ ಒಬ್ಬ ಸೇಲ್ಸ್‌ಮನ್ ಬಂದಿದ್ದ. (ಸೆಂಟು ಜೋರು, ಮನುಷ್ಯ ಒಳ್ಳೆಯವನು.)

ಮೊದಲನೆಯದು ರೆಕಾರ್ಡರ್. ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದು. ನಾವು ಹೇಳಿದ್ದನ್ನು ನಮ್ಮ ದನಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯದು ಆಗಲೇ ಹೇಳಿದ ಅಮೆರಿಕದ ಮಹಾಶಯ. ಮೂರನೆಯದು ಮೂಕ. ಅದರ ಮುಂಭಾಗದಲ್ಲಿ ಒಂದು ಸಾಲು ಸಣ್ಣ ಸಣ್ಣ ಮೊಳೆಗಳು. ಬರೆದದ್ದೆಲ್ಲ ಬ್ರೈಲ್ ಚುಕ್ಕೆಗಳಾಗಿ ಬೆರಳ ಕೆಳಗೆ ಏಳುತ್ತದೆ, ಮುಂದಿನ ಸಾಲಿಗೆ ಹೋದರೆ ಇಳಿಯುತ್ತದೆ. ಚುಕ್ಕೆಗೆ ಕನ್ನಡವಾದರೇನು, ಇಂಗ್ಲಿಷಾದರೇನು? ನನ್ನ "ಊಟ ಆಯ್ತಾ" ಅಲ್ಲಿ ಸರಿಯಾಗಿ ಬಂತು.

"ಸಾರ್, ನೀವು ಪೇಪರ್‌ಗೆ ಬರೀತೀರಂತೆ. ಕಣ್ಮುಚ್ಕೊಂಡು ರೆಕಾರ್ಡರ್ ತಗೊಳ್ಳಿ" ಎಂದ ಸೇಲ್ಸ್‌ಮನ್. (ಹೇಳಿ ನಾಲಿಗೆ ಕಚ್ಚಿಕೊಂಡ. ಬಿಡಿ, ನನಗೆ ಅಭ್ಯಾಸವಾಗಿದೆ.) "ನೀವು ಹೇಳ್ತಾ ಹೋಗಿ. ಪೇಪರ್ ಆಫೀಸಲ್ಲಿ ಕೇಳ್ಕೊಂಡು ಟೈಪ್ ಮಾಡ್ತಾರೆ. ಯಾರ ಹಂಗೂ ಇಲ್ಲ."

ಯಾರ ಹಂಗೂ ಇಲ್ಲ. ಎಷ್ಟು ಚೆನ್ನಾಗಿ ಕೇಳಿಸುತ್ತದೆ ಅಲ್ಲವೇ?

ಈ ಅಂಕಣ ನಿಮ್ಮ ಕೈಗೆ ಹೇಗೆ ಬರುತ್ತಿತ್ತು ಎಂದು ಹೇಳಬೇಕು. ಬ್ರೈಲ್ ಸ್ಲೇಟಿಗೆ ದಪ್ಪ ಕಾಗದ ಸಿಕ್ಕಿಸಿ, ಕಡ್ಡಿಯಿಂದ ಟಕ್ ಟಕ್ ಎಂದು ಬಲದಿಂದ ಎಡಕ್ಕೆ ಚುಚ್ಚುತ್ತಿದ್ದೆ. ಭಾನುವಾರ ಸಂಜೆ ಎದುರು ಮನೆಯ ಪುಟ್ಟತಾಯಿ ಬರುತ್ತಿದ್ದಳು. ಬ್ಲೌಸ್ ಹೊಲಿಯುವ ಹೆಂಗಸು, ತವರು ತಿಪ್ಪಸಂದ್ರ. ನಾನು ಕಾಗದ ಮಗುಚಿ ಹಾಕಿ ಬೆರಳಲ್ಲಿ ಓದುತ್ತಿದ್ದೆ, ಅವಳು ಬರೆದುಕೊಳ್ಳುತ್ತಿದ್ದಳು. ಬರೆದುಕೊಂಡು ಸುಮ್ಮನಿರುತ್ತಿದ್ದಳೇ?

"ಇದ್ಯಾಕಣ್ಣ ಹಿಂಗ್ ಬರ್ದಿದ್ದೀರಿ? ಓದ್ದೋರು ಬೈಯಾಕಿಲ್ವಾ?"

"ಅದನ್ನೂ ಬ್ರಾಕೆಟ್‌ನಲ್ಲಿ ಹಾಕಮ್ಮ" ಎನ್ನುತ್ತಿದ್ದೆ. ಈ ಅಂಕಣದ ಬ್ರಾಕೆಟ್‌ಗಳು ಬಹಳ ಮಜವಾಗಿರುತ್ತವೆ ಎಂದು ಕಾಗದ ಬರೆದವರೇ, ಅವು ಅವಳವು. (ಇವತ್ತಿನವು ನನ್ನವು. ಗೊತ್ತಾಗಿರಬೇಕು.)

ಭಾನುವಾರ ಸಂಜೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಗುತ್ತಿತ್ತು. "ಹೋಯ್ತು ನೋಡಣ್ಣ!" ಎಂದು ಅವಳು ಹೇಳಿದರೇ ನನಗೆ ಗೊತ್ತಾಗುವುದು. ನನ್ನ ಮನೆಯಲ್ಲಿ ಫ್ಯಾನಿಲ್ಲ, ಇರುವುದೊಂದು ಬಲ್ಬು, ಅದೂ ಅವಳಿಗಾಗಿ. ಕತ್ತಲಲ್ಲಿ ನಾನು ಓದಬಲ್ಲೆ, ಅವಳು ಬರೆಯಲಾರಳು. "ಬರೋಗಂಟ ಒಸಿ ಕುಂತಿರ್ತೀನಿ" ಎಂದು ಪೆನ್ನು ಕೆಳಗಿಡುತ್ತಿದ್ದಳು. ಆಮೇಲೆ ಮಾತು. ಅಪ್ಪ ಸ್ಕೂಲು ಬಿಡಿಸಿದ್ದು, ಅತ್ತೆಯ ಮುನಿಸು, ಹೊಲಿಯಲು ಕೊಟ್ಟವರು ಅಳತೆ ಬ್ಲೌಸನ್ನೇ ತಪ್ಪು ಕೊಟ್ಟು ಜಗಳಕ್ಕೆ ಬಂದದ್ದು. ನಾನೂ ಹೇಳುತ್ತಿದ್ದೆ. ದಿನವಿಡೀ ಫೋನಿನಲ್ಲಿ ನನ್ನ ಕಿವಿಗೆ ಬೀಳುವ ದನಿಗಳೆಲ್ಲ ಬೇರೆ ಯಾರನ್ನೋ ಕೇಳುವಂಥವು. ನನ್ನನ್ನು ಕೇಳಿಕೊಂಡು ಬರುತ್ತಿದ್ದದ್ದು ವಾರಕ್ಕೆ ಈ ಒಂದು ದನಿ.

ಅದಕ್ಕೇ ಮೂಕನನ್ನು ಆರಿಸಿಕೊಂಡೆ. "ಕನ್ನಡಕ್ಕೆ ಇದೇ ಸರಿ" ಎಂದು ಎಲ್ಲರೆದುರು ಗಂಭೀರವಾಗಿ ಹೇಳಿದೆ. ಸುಳ್ಳೇನಲ್ಲ. ಆದರೆ ಒಳಗಿನ ಲೆಕ್ಕಾಚಾರ ಬೇರೆ ಇತ್ತು. ಆ ಮಿಷನ್ನು ನೀವು ಓದುವಂಥ ಕನ್ನಡ ಅಕ್ಷರ ಬರೆಯಲಾರದು. ನಾನು ಓದಿ ಹೇಳಲು, ಕೂತು ಬರೆದುಕೊಳ್ಳಲು ಒಬ್ಬರು ಬೇಕೇ ಬೇಕು. ನನಗೆ ಬೇಕಿದ್ದದ್ದೂ ಅದೇ.

ಮನೆಗೆ ತಂದ ದಿನ ಪುಟ್ಟತಾಯಿ ಬಂದು ಮೊಳೆಗಳನ್ನು ಮುಟ್ಟಿದಳು. "ಅಯ್ಯೋ, ಕಚಗುಳಿ ಇಕ್ತದೆ ಕಣಣ್ಣ! ಇನ್ಮ್ಯಾಕೆ ಎಲ್ಲಾನೂ ಇದೇ ಮಾಡ್ಬುಡ್ತದಾ?"

"ಹೂಂ ಮತ್ತೆ, ಎಲ್ಲಾ ಮಾಡುತ್ತೆ" ಎಂದೆ. ಹೊಸ ಮಿಷನ್ನಿನ ಜಂಬ! ಯಾರಿಗಿರುವುದಿಲ್ಲ ಹೇಳಿ?

ಮುಂದಿನ ಭಾನುವಾರ ಅವಳು ಬರಲಿಲ್ಲ. ಬಾಗಿಲು ತೆರೆದಿಟ್ಟು ಕೂತೇ ಇದ್ದೆ. ಸೋಮವಾರ ಬಾಗಿಲಲ್ಲಿ ನಿಂತೇ ಹೇಳಿದಳು.

"ಹಾರೋಹಳ್ಳಿ ಗಾರ್ಮೆಂಟ್ಸ್‌ಗೆ ಸೇರ್ಕಂಡೆ ಅಣ್ಣ. ಆಗ್ಲಿಂದ ಕರೀತಾನೇ ಇದ್ರು. ಭಾನುವಾರನೂ ಓಟಿ ಕೆಲ್ಸ ಐತೆ ಅಂದಿದ್ಕೆ ನಾನೇ ಒಪ್ಪಿರ್ನಿಲ್ಲ. ಅಣ್ಣಂಗೆ ಬರ್ಕೊಡೋರು ಯಾರು ಅಂತ. ಈಗ ಮಿಷನ್ನು ಬಂತಲ್ಲ, ನಿಮ್ಗೂ ಸಲೀಸು, ನಂಗೂ ಸಲೀಸು."

ದನಿಯಲ್ಲಿ ಖುಷಿಯಿತ್ತು. ನನಗಾಗಿ ಕೆಲಸ ಬೇಡವೆನ್ನುತ್ತಿದ್ದಳು ಎಂದು ನನಗೆ ಗೊತ್ತಾದದ್ದೇ ಆಗ. "ಒಳ್ಳೇದಾಯ್ತಮ್ಮ" ಎಂದೆ. ಒಳ್ಳೆಯದೇ ಆಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಅವಳು ಹೋದ ಮೇಲೆ ಬಹಳ ಬೇಜಾರಾಯಿತು.

ಈ ಬರಹವನ್ನು ಆ ಮಿಷನ್ನಿನಿಂದಲೇ ಓದಿ, ಫೋನಿನಲ್ಲಿ ಪತ್ರಿಕೆಯ ಡಿಟಿಪಿ ಆಪರೇಟರ್‌ಗೆ ಹೇಳುತ್ತಿದ್ದೇನೆ. "ಹೂಂ, ಮುಂದೆ ಹೇಳಿ ಸಾರ್" ಎನ್ನುತ್ತಾರೆ. ಅಷ್ಟೇ. ಯಾಕೆ ಹೀಗೆ ಬರೆದಿರಿ ಎಂದು ಕೇಳುವುದಿಲ್ಲ. ಕೆಲಸ ಬೇಗ ಮುಗಿಯುತ್ತದೆ. ಮುಗಿದ ಮೇಲೆ ಸಂಜೆ ಪೂರ್ತಿ ಉಳಿದುಬಿಡುತ್ತದೆ. ಮೂಕ ಮಿಷನ್ನು ಮೇಜಿನ ಮೇಲೆ, ಮಾತು ಬರುವ ನಾನು ಅದರ ಎದುರಿಗೆ.

ಪುಟ್ಟತಾಯಿ ಹಾರೋಹಳ್ಳಿ ಬಸ್ಸಿನಲ್ಲಿ ಪಕ್ಕದವರ ಪೇಪರ್ ಇಸಿದುಕೊಂಡು ಈ ಅಂಕಣ ಓದುತ್ತಾಳಂತೆ. ಹಾಗಾದರೆ ಇಲ್ಲೇ ಹೇಳಿಬಿಡುತ್ತೇನೆ. ಈ ಮಿಷನ್ನು ಎಲ್ಲವನ್ನೂ ಮಾಡುವುದಿಲ್ಲ ಕಣಮ್ಮ. ಓಟಿ ಮುಗಿಸಿಕೊಂಡೇ ಬಾ, ಬರೆಯುವ ಕೆಲಸವೇನೂ ಇಲ್ಲ. ಒಂದು ವಿಷಯ ಕೇಳಬೇಕಿತ್ತು, ಅಷ್ಟೇ.

ಭಾನುವಾರ ಸಂಜೆ ನಮ್ಮ ಬೀದಿಯಲ್ಲಿ ಈಗಲೂ ಕರೆಂಟ್ ಹೋಗುತ್ತದಾ, ಪುಟ್ಟತಾಯಿ?