ಯಾರು ಎದ್ದು ಹೋಗುತ್ತಾರೆ, ನೋಡಿ ಬನ್ನಿ

ಆ ಡಾಕ್ಟರರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಮೈಸೂರು ಕಡೆಯವರು, ಸಿಂದಗಿಯಲ್ಲಿ ಹೊಸದಾಗಿ ದವಾಖಾನೆ ಇಟ್ಟಿದ್ದರು. ನಿದ್ದೆಗೆ ಗುಳಿಗೆ ಕೇಳಲು ಹೋದವಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳತೊಡಗಿದರು.

ನನ್ನ ಎರಡು ಕೂಸುಗಳೂ ಹುಟ್ಟಿದ ವಾರದೊಳಗೇ ಹೋಗಿದ್ದವು. ಆಮೇಲೆ ನಾನು ಯಾರ ಮನೆಗೂ ರೊಟ್ಟಿ ಬಡಿಯಲು ಹೋಗಿರಲಿಲ್ಲ. ನಮ್ಮಲ್ಲಿ ಮದುವೆ ಹತ್ತಿರ ಬಂದರೆ ಓಣಿಯ ಹೆಂಗಸರೆಲ್ಲ ಸೇರಿ ಜೋಳದ ರೊಟ್ಟಿ ಬಡಿದು ಒಣಗಿಸಿಡುತ್ತಾರೆ. ಈಗ ಮೋರಟಗಿಯ ತವರಿನಲ್ಲಿ ನನ್ನ ತಂಗಿಯದೇ ಮದುವೆ. ಅಕ್ಕ ಬರದಿದ್ದರೆ ಅರಿಶಿನಕ್ಕೇ ಕೂರುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು.

“ನಾ ಹ್ವಾದ್ರ ಅಪಶಕುನ ಅಂತ ಎಲ್ಲಾರೂ ಎದ್ದು ಹೋಗ್ತಾರ್ರಿ,” ಅಂದೆ.

“ಹಾಗಂತ ಯಾರು ಹೇಳಿದರು?” ಅಂದರು ಡಾಕ್ಟರು.

“ಹೇಳಬೇಕೇನ್ರಿ? ನನಗ ಗೊತ್ತೈತಿ.”

“ಅವರು ಎದ್ದು ಹೋದರೆ ನಿಮಗೇನಾಗುತ್ತದೆ?”

“ಅಲ್ಲೇ ಸಾಯ್ತೇನಿ.”

ಇದೆಲ್ಲ ನಿಮ್ಮ ಯೋಚನೆ, ಹೆದರಿಕೆ ಹುಟ್ಟುವುದು ಅದರಿಂದಲೇ, ಹೆದರಿ ಮನೆಯಲ್ಲೇ ಕೂತರೆ ಅದು ನಿಜವೋ ಸುಳ್ಳೋ ಎಂದು ಯಾವತ್ತೂ ತಿಳಿಯುವುದಿಲ್ಲ ಎಂದರು. “ಹೋಗಿ, ಯಾರು ಎದ್ದು ಹೋಗುತ್ತಾರೆ ನೋಡಿ ಬನ್ನಿ. ಅನುಮಾನ ಬಂದರೆ ಅವರನ್ನೇ ಕೇಳಿ.” ಕೂಸು ಹೂಳದವರಿಗೆ ಮಾತು ಸಲೀಸು. ಆ ಮೆತ್ತನೆಯ ಮಾತಿಗೆ ಬೆಂಕಿ ಬೀಳಲಿ ಎಂದು ಶಪಿಸಿ, ಅವರನ್ನು ಸುಳ್ಳಾಗಿಸಲೆಂದೇ ಮೋರಟಗಿಯ ಬಸ್ಸು ಹತ್ತಿದೆ.

ತವರಿನಲ್ಲಿ ಓಣಿಯ ಹೆಂಗಸರ ನಡುವೆ ಒಲೆಯ ಮುಂದೆ ಕೂತು ಹಿಟ್ಟು ನಾದತೊಡಗಿದೆ. ಪಕ್ಕದ ಮನೆಯಾಕೆ ತನ್ನ ಬಸುರಿ ಸೊಸೆಯ ರಟ್ಟೆ ಹಿಡಿದು ಎದ್ದಳು.

“ಯಾಕ ಎದ್ರಿ?” ಕೇಳಿಯೇಬಿಟ್ಟೆ.

“ನಿನ್ನ ಸಲುವಾಗೇ ಎದ್ದೇನಿ. ನಿನ್ನ ನೆರಳು ನಮ್ಮ ಹುಡುಗಿ ಮ್ಯಾಲೆ ಬೀಳೂದು ಬ್ಯಾಡ.”

ಅಂತೂ ನನ್ನ ಮಾತೇ ನಿಜವಾಯಿತು, ಡಾಕ್ಟರರ ವಿದ್ಯೆ ಮಣ್ಣುಪಾಲು. ಸಾಯಬೇಕಿತ್ತು, ಸಾಯಲಿಲ್ಲ. ಸಿಟ್ಟು ನೆತ್ತಿಗೇರಿತು. ಸುತ್ತ ನೋಡಿದೆ, ಉಳಿದವರು ಯಾರೂ ಎದ್ದಿರಲಿಲ್ಲ. ಕರುಣೆಯಿಂದ ಅಂತೇನಲ್ಲ. ಒಬ್ಬಿಬ್ಬರು ಮಜಾ ನೋಡುತ್ತಿದ್ದರು, ತವೆಯ ಮುಂದಿದ್ದ ಮುದುಕಿಗೆ ತನ್ನ ಒಲೆಯದೇ ಚಿಂತೆ. “ಲಗೂ ಬಡಿಯವಾ, ಒಲಿ ಸುಮ್ನ ಉರ್ಯಾಕತ್ತೈತಿ,” ಎಂದು ನನ್ನನ್ನೇ ಗದರಿದಳು. ಇಡೀ ಊರು ನನ್ನ ಬಗ್ಗೆಯೇ ಯೋಚಿಸುತ್ತಿದೆ ಎಂದು ಇಷ್ಟು ವರ್ಷ ನಾನು ಬಾಗಿಲು ಹಾಕಿಕೊಂಡು ಕೂತಿದ್ದೆ. ಊರಿಗೆ ಅದಕ್ಕೆ ಪುರುಸೊತ್ತೇ ಇರಲಿಲ್ಲ. ಹಲ್ಲು ಕಚ್ಚಿಕೊಂಡು ರೊಟ್ಟಿ ಬಡಿದೆ.

ಅರಿಶಿನದ ದಿನ ಆ ಪಕ್ಕದ ಮನೆಯಾಕೆ ಬಂದು ಎದುರಿಗೇ ಕೂತಳು. ಮೊದಲು ಯಾರು ಹಚ್ಚಬೇಕು ಎಂದು ಗುಸುಗುಸು ಎದ್ದಿತು. ತಂಗಿ ಯಾರ ಮುಖವನ್ನೂ ನೋಡದೆ ನನ್ನ ಕಡೆ ತಿರುಗಿ ಕೂತಳು. ಡಾಕ್ಟರರ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಏಳೂದಿದ್ರ ಈಗ ಏಳ್ರಿ,” ಎಂದು ಆಕೆಗೆ ಹೇಳಿ, ತಂಗಿಯ ಎರಡೂ ಕೆನ್ನೆಗೆ ಅರಿಶಿನ ಹಚ್ಚಿದೆ.