ಮಾಳಿಗಿ ಮಣ್ಣಿನ ಲಿಂಗಕ್ಕ

ನನಗೂ ಲಿಂಗಕ್ಕಗೂ ಮೊದ್ಲಿಂದ ಆಗಿಬರಂಗಿಲ್ಲ. ಇದನ್ನ ಮುಂಚೇನೇ ಹೇಳಿಬಿಡ್ತೀನಿ, ಆಮ್ಯಾಲ ರಾಮಲಕ್ಷ್ಮಿ ಬಣ್ಣ ಹಚ್ಚಿ ಹೇಳಿದ್ಲು ಅನಬ್ಯಾಡ್ರಿ. ಓಣ್ಯಾಗ ಬರೂಮುಂದ ಆಕಿ ಮನಷ್ಯಾರ ಮುಖ ನೋಡಂಗಿಲ್ಲ, ಮಾಳಿಗಿ ನೋಡ್ತಾಳ. ಆರಾಮ ಅದೀಯೇನಂತ ಕೇಳೂದು ಬಿಟ್ಟು, "ನಿಮ್ಮ ಮಾಳಿಗಿ ನೀರಿನ ದೋಣ್ಯಾಗ ಕಸ ಕುಂತೈತಿ, ಮಳಿ ಬಂದ್ರ ನೀರು ಇಳ್ಯಂಗಿಲ್ಲ" ಅಂತಾಳ. ಕುಂದ್ರು ಅಂದ್ರ ಕುಂದ್ರಂಗಿಲ್ಲ. ಚಾ ಕೊಟ್ರ ನಿಂತೇ ಕುಡೀತಾಳ, ಲೋಟ ಕೆಳಗ ಇಡೂದ್ರಾಗ ಎರಡು ಕಂಬ ತಟ್ಟಿ ನೋಡಿರ್ತಾಳ. ನಮ್ಮ ಮನೀಗೆ ಬಂದು ನಮ್ಮ ಕಂಬ ತಟ್ಟಾಕ ಈಕಿ ಯಾರು ಅಂತ ನನಗ ಮೈಯೆಲ್ಲಾ ಉರೀತಿತ್ತು.

ನಮ್ಮೂರು ಆಂಧ್ರದಾಗಿನ ಕೋಸಗಿ ಸ್ಟೇಷನ್ನಿಂದ ಆಟೋದಾಗ ಅರ್ಧ ತಾಸು. ಸ್ಲ್ಯಾಬಿನ ಮನಿ ಒಂದೊಂದಾಗಿ ಎದ್ದಾವು, ಆದ್ರೂ ಅರ್ಧ ಊರು ಇನ್ನಾ ಮಾಳಿಗಿ ಮನ್ಯಾಗೇ ಐತಿ. ಕಲ್ಲಿನ ಗೋಡಿ, ಬೇವಿನ ತೊಲಿ, ತೊಲಿ ಮ್ಯಾಲ ಸಾಲಾಗಿ ಜಂತಿ, ಕಟ್ಟಿಗಿ, ಅದರ ಮ್ಯಾಲ ಮೊಣಕೈ ಎತ್ತರ ಮಣ್ಣು. ದೊಡ್ಡ ಮಳಿ ಹಿಡಿಯೂ ಮುಂಚೆ ಮ್ಯಾಲೊಂದು ಪದರ ಚೌಳು ಮಣ್ಣು ಹಾಕಬೇಕು. ಹಳ್ಳದ ದಂಡಿಗೆ ಸಿಗೂ ಬೂದಿಬಣ್ಣದ ಮಣ್ಣು ಅದು. ಹಸಿ ಆತಂದ್ರ ನಾದಿದ ಹಿಟ್ಟಿನಂಗ ಅಂಟಿಕೊಂಡು ನೀರು ಕೆಳಗ ಬಿಡಂಗಿಲ್ಲ. ಅದನ್ನ ಅಗದು, ಪುಟ್ಟ್ಯಾಗ ಹೊತ್ತು, ಹಾಸಿ, ಬಡದು ಕೊಡೂದು ಲಿಂಗಕ್ಕನ ಕೆಲಸ. ಅತ್ತಿ ಕಡಿಂದ ಕಲ್ತಾಳ. ಗಂಡ ಜಂಬಪ್ಪ ಕುರಿ ಹಿಂದ ಊರೂರು ತಿರುಗಾಂವ, ಈಕಿ ಮಾಳಿಗಿ ಮ್ಯಾಲ ತಿರುಗಾಕಿ, ಇಬ್ರ ಕಾಲೂ ಒಂದು ಕಡಿ ನಿಲ್ಲಂಗಿಲ್ಲ ಅಂತ ನಾವು ನಗ್ತಿದ್ವಿ.

ಆಕೀದೊಂದು ಹಟ ಇತ್ತು. ಹಳೇ ಮಣ್ಣು ಕೆರದು ತಗೀದೆ ಹೊಸಾದು ಹಾಕಂಗಿಲ್ಲ. ಹಿಂದೊಮ್ಮೆ ಬಾಜೂ ಊರಾಗ ಆಕಿ ಮಣ್ಣು ಹಾಕಿದ ಕೊಟ್ಟಿಗಿ ಭಾರಕ್ಕ ಕುಸಿದು ಎಮ್ಮಿ ಸತ್ತಿತ್ತು. ಆ ಎಮ್ಮಿ ಕಣ್ಣು ಇನ್ನಾ ನೆನಪೈತಿ ಅಂತಿದ್ಲು.

ಈ ಸಲ ಶ್ರಾವಣದಾಗ ನಾನೇ ಆಕೀನ್ನ ಕರೆಸಿದೆ. ಮಗಳು ನಾಗಜ್ಯೋತಿ ಚೊಚ್ಚಿಲ ಹೆರಿಗಿಗೆ ಬರಾಕಿ ಇದ್ಲು. ಬಾಣಂತಿ ಮ್ಯಾಲ ಒಂದು ಹನಿ ಬೀಳಬಾರ್ದು, ಎರಡು ಪದರ ಹಾಕು ಅಂದೆ. ಲಿಂಗಕ್ಕ ಮ್ಯಾಲ ಹತ್ತಿ ಸಲಾಕಿಲೆ ಚುಚ್ಚಿ ನೋಡಿ ಇಳದು ಬಂದ್ಲು.

"ನೀವೇ ಹಾಕ್ಕೊಂತ ಬಂದ ಐದಾರು ವರ್ಷದ ಮಣ್ಣು ಹಂಗೇ ಐತಿ ತಂಗಿ. ಮೊದ್ಲು ಕೆರೀಬೇಕು. ಗೋಡ್ಯಾಗ ಹೊಕ್ಕ ತೊಲಿ ತುದಿ ಬಿಚ್ಚಿ ನೋಡಬೇಕು. ಎಂಟು ದಿನ ಬೇಕು."

ಎಂಟು ದಿನ ಮನಿ ತುಂಬ ಧೂಳು, ಮಗಳು ಬರೂದು ನಾಕು ದಿನಕ್ಕ. ನನಗ ಸಿಟ್ಟು ನೆತ್ತಿಗೇರ್ತು. "ವಯಸ್ಸಾತು ಬಿಡು ಲಿಂಗಕ್ಕ, ಹೊರಾಕ ಆಗಲ್ದು ಅಂತ ನೆವ ಹೇಳ್ತಿ. ಬ್ಯಾರೆ ಯಾರಾರ್ನ ಕರೀತೀನಿ" ಅಂದೆ.

ಆಕಿ ಮುಖ ಕಪ್ಪಿಟ್ತು. ಹಳೇ ಮಣ್ಣು ಕೆರೀಲಿಲ್ಲ, ತೊಲಿ ತುದಿ ನೋಡ್ಲಿಲ್ಲ. ಮೂರೇ ದಿನದಾಗ ಎರಡು ಪದರ ಹೊತ್ತು ಹಾಕಿ, ಬಡದು, ಚಾ ಸುದ್ದ ಕುಡೀದೆ ಹೋದ್ಲು. ನಾನು ಗೆದ್ದೆ ಅಂತ ಬೀಗಿದೆ, ಮೂಳಿ ನಾನು.

ದೀಪಾವಳಿ ಆದ ಹಿಂದಿಂದ್ಲೇ ನಾಗಜ್ಯೋತಿ ಹೆಣ್ಣು ಹಡದ್ಲು. ಕೂಸಿಗೆ ಎಂಟು ದಿನ ಆಗೂದ್ರಾಗ ಟೀವ್ಯಾಗ ತುಫಾನು ತುಫಾನು ಅಂತ ಬಡಕೊಳ್ಳಾಕ ಹತ್ತಿದ್ರು. ನಾವ್ಯಾರೂ ತಲಿ ಕೆಡಿಸಿಕೊಳ್ಳಿಲ್ಲ. ಸಮುದ್ರ ಎಲ್ಲಿ, ನಾವೆಲ್ಲಿ? ಅಲ್ಲಿ ತೆಂಗಿನ ಗಿಡ ಬೀಳ್ತಾವು, ಇಲ್ಲಿ ನಮಗ ಜಿಟಿಜಿಟಿ ಮಳಿ ಬರ್ತೈತಿ, ಅಷ್ಟೇ ಅಂದ್ಕೊಂಡ್ವಿ. ಗಾಳೀನೂ ಅಂಥಾದ್ದೇನು ಬರ್ಲಿಲ್ಲ. ಆದ್ರ ಮಳಿ ಮಾತ್ರ ಶುರು ಆದದ್ದು ನಿಲ್ಲಲೇ ಇಲ್ಲ. ಹಗಲು, ರಾತ್ರಿ, ಮತ್ತ ಹಗಲು. ಹತ್ತಿ ಹೊಲ ಕೆರಿ ಆದ್ವು. ಹಳ್ಳ ತುಂಬಿ ಬಸ್ಸು ನಿಂತ್ವು, ಕರೆಂಟು ಹೋತು. ಅಳಿಯ ತಿರುಮಲೇಶ್ ಆದೋನ್ಯಾಗ ಹತ್ತಿ ಮಿಲ್ಲಿನಾಗ ಸಿಕ್ಕಿಹಾಕ್ಕೊಂಡ.

ಎರಡನೇ ದಿನ ಒಳಕೋಣಿ ಬಾಗಲ ಮುಚ್ಚಲಿಲ್ಲ. ಬಾಣಂತಿ ಮಲಗಿದ್ದ ಕೋಣಿ, ಥಂಡಿ ಗಾಳಿ ನೆಟ್ಟಗ ಕೂಸಿನ ನೆತ್ತಿಗೆ ಹೊಡಿಯಾಕತ್ತಿತ್ತು. ನಮ್ಮ ಮನಿಯಾತ, ಹನುಮಂತು ಅಂತ, ಹೆಸರು ಹೇಳಬಾರ್ದು, ಹೇಳಿದೆ ತಗೋರಿ, "ಹಸಿಗೆ ಕಟ್ಟಿಗಿ ಉಬ್ಬೈತಿ" ಅಂತ ಉಳಿ ತಗೊಂಡು ಬಾಗಲದ ಮ್ಯಾಲಿನ ಅಂಚು ಕೆತ್ತಿದ. ಮುಚ್ಚಿತು. ಸಂಜೀಕ ಮತ್ತ ಹಿಡೀತು. ಮತ್ತ ಕೆತ್ತಿದ. ಮೂರನೇ ದಿನ ಬೆಳಿಗ್ಗೆ ಮತ್ತ ಹಿಡೀತು. ಎಂಥ ದರಿದ್ರ ಬಾಗಲ ಇದು ಅಂತ ಅದಕ್ಕೇ ಬೈದೆ.

ಲಿಂಗಕ್ಕ ಆ ಮೂರು ದಿನ ಮನ್ಯಾಗ ಕುಂತಿಲ್ಲ ಅಂತ ಆಮ್ಯಾಲ ತಿಳೀತು. ಗೋಣಿಚೀಲ ತಲಿಮ್ಯಾಲ ಗೊಪ್ಪಿ ಮಾಡ್ಕೊಂಡು ತಾನು ಮಣ್ಣು ಹಾಕಿದ ಮನಿ ಮನಿ ತಿರುಗ್ಯಾಳ. ಜಂಬಪ್ಪ ಕುರಿ ಸಮೇತ ಚಿಪ್ಪಗಿರಿ ಕಡಿ ಎಲ್ಲ್ಯೋ ಇದ್ದ, ಫೋನ್ ಹತ್ತವಲ್ದು; ಗಂಡನ ಚಿಂತಿ ಬಿಟ್ಟು ಊರ ಮಾಳಿಗಿ ಚಿಂತಿ ಹೊತ್ತಿದ್ಲು. ನಮ್ಮ ಮನಿಗೆ ಮೂರನೇ ದಿನ ಮಧ್ಯಾಹ್ನ ಬಂದ್ಲು. ನಾನು ಅವಮಾನ ಮಾಡಿದ ಮನಿ ಅಲಾ, ಕಡೀಕ ಬಂದ್ಲು.

ಬಂದಾಕಿನೇ ನೆಟ್ಟಗ ಒಳಕೋಣಿ ಬಾಗಲ ಎಳದು ನೋಡಿದ್ಲು. ಕೆಳಗ ಸಂದ್ಯಾಗ ಬೊಟ್ಟು ತೂರಿಸಿದ್ಲು, ಮ್ಯಾಲ ತೂರಿಸಾಕ ಬರ್ಲಿಲ್ಲ.

"ಹಸಿಗೆ ಉಬ್ಬಿದ್ರ ಬಾಜೂಕ ಹಿಡೀಬೇಕು, ಕೆಳಗ ಹಿಡೀಬೇಕು. ಇದು ಮ್ಯಾಲ ಅಷ್ಟೇ ಹಿಡ್ಯಾಕತ್ತೈತಿ. ಚೌಕಟ್ಟು ತಗ್ಗಾಕತ್ತೈತಿ ರಾಮಲಕ್ಷ್ಮಿ. ಮ್ಯಾಲಿಂದ ಭಾರ ಬಿದ್ದೈತಿ. ಮಗಳನ್ನ ಕೂಸನ್ನ ಈಗಿಂದೀಗ ಹೊರಗ ಕರಕೊಂಡು ಹೋಗು."

ಹೆದರಿದೆ ನಾನು. ಆದ್ರ ನನ್ನ ಬಾಯಿ ಬ್ಯಾರೇನೇ ಮಾತಾಡ್ತು. "ಈ ಮಳ್ಯಾಗ? ಹನ್ನೊಂದು ದಿನದ ಬಾಣಂತೀನ್ನ? ನಿನಗ ಬುದ್ಧಿ ಐತೇನು? ಗಾಳಿ ತಾಗಿ ಕೂಸಿಗೆ ಏನಾರ ಆದ್ರ ನೀ ತಂದು ಕೊಡ್ತೀಯೇನು?"

"ಕಾಲು ಹಿಡಿತೀನಿ ತಂಗಿ."

"ಬ್ಯಾಡ ಅಂದ್ರ ಬ್ಯಾಡ. ಮಾಳಿಗಿ ಎಲ್ಲೂ ಸೋರಿಲ್ಲ ನೋಡು, ಒಣಾ ಐತಿ. ನೀನೇ ಹಾಕಿದ ಮಣ್ಣು, ನಿನಗೇ ನಂಬಿಕಿ ಇಲ್ಲಾ?"

ಲಿಂಗಕ್ಕ ಗೋಣಿಚೀಲ ಮತ್ತ ತಲಿಮ್ಯಾಲ ಎಳಕೊಂಡ್ಲು. ಆಮ್ಯಾಲ ಹೊರಗ ಹೋದ್ಲು. ಹಾಳಾಗಿ ಹೋಗ್ಲಿ ಅಂತ ನಾನು ಕೂಸಿಗೆ ಬೆಂಕಿ ಕಾಸಾಕ ಕುಂತೆ. ಸ್ವಲ್ಪ ಹೊತ್ತಿಗೆ ತಲಿಮ್ಯಾಲ ಧಬ್ ಧಬ್ ಅಂತು. ಹೊರಗ ಓಡಿ ಹೋಗಿ ನೋಡ್ತೀನಿ, ಈಕಿ ನಮ್ಮ ಮಾಳಿಗಿ ಮ್ಯಾಲ ಸಲಿಕಿ ಹಿಡಕೊಂಡು ಮಣ್ಣು ತಗ್ಯಾಕತ್ತಾಳ! ಅದೂ ಒಳಕೋಣಿ ಮ್ಯಾಲಿಂದೇ. ಕೆಸರು ಗುಡ್ಡಿಗುಡ್ಡಿ ಓಣ್ಯಾಗ ಬೀಳಾಕತ್ತಿತ್ತು.

"ಏ ಲಿಂಗಕ್ಕ! ಮೈಮ್ಯಾಲ ದೆವ್ವ ಬಂದೈತೇನ ನಿನಗ? ಇಳಿ ಕೆಳಗ!"

ಬಾಯಿಗೆ ಬಂದಂಗ ಬೈದೆ. ಆಕಿ ಸಲಿಕಿ ನಿಲ್ಲಿಸ್ಲಿಲ್ಲ. ನಮ್ಮ ಮನಿಯಾತ ಏಣಿ ಹತ್ತಾಕ ಹೋದ್ರ, "ಮ್ಯಾಲ ಇನ್ನೊಬ್ರ ಭಾರ ಬ್ಯಾಡ" ಅಂತ ಏಣಿ ಕಾಲಿಲೆ ನೂಕಿದ್ಲು. ಅಷ್ಟರಾಗ ಒಳಗಿಂದ ನಾಗಜ್ಯೋತಿ ಚೀರಿದ್ಲು. ಮ್ಯಾಲಿನ ಮಣ್ಣು ಹೋಗಿದ್ದೇ ತಡ, ಜಂತಿ ಸಂದ್ಯಾಗಿಂದ ನೀರು ಧಾರಿಧಾರಿ ಸುರಿದು ಹಾಸಿಗಿ, ಕೂಸು, ಬೆಂಕಿ ಎಲ್ಲಾ ತೊಯ್ದುಹೋತು.

ಇನ್ನೇನು ಮಾಡ್ತೀರಿ? ಕೂಸನ್ನ ಕಂಬಳ್ಯಾಗ ಸುತ್ತಿ ಎದಿಗೆ ಒತ್ತಿಕೊಂಡೆ. ಮನಿಯಾತ ಮಗಳ ಮ್ಯಾಲ ತಾಡಪತ್ರಿ ಹಿಡದ. ಎದುರುಮನಿ ದಸ್ತಗಿರಮ್ಮಂದು ಸ್ಲ್ಯಾಬಿನ ಮನಿ, ಆಕಿ ಬಾಗಲ ತಗದು ನಿಂತಿದ್ಲು, ಅಲ್ಲಿಗೆ ಓಡಿದ್ವಿ. ಸಂಜಿತನ ಆ ಮಳ್ಯಾಗ ಲಿಂಗಕ್ಕ ಒಬ್ಬಾಕಿನೇ ಮಣ್ಣು ತಗದ್ಲು. ದಸ್ತಗಿರಮ್ಮನ ಕಿಟಕ್ಯಾಗಿಂದ ನೋಡ್ಕೊಂತ ನಾನು ಶಾಪ ಹಾಕಿದೆ. ಹಲ್ಲು ಕಡದು, ಲಟಿಗಿ ಮುರದು ಶಾಪ ಹಾಕಿದೆ ನೋಡ್ರಿ.

ಮಾರನೇ ದಿನ ಬಿಸಿಲು ಬಿತ್ತು. ಊರಾಗ ಮೂರು ಮನಿ ಕುಸಿದಿದ್ವು, ದೇವರು ದೊಡ್ಡಾಂವ, ಯಾರೂ ಸತ್ತಿಲ್ಲ. ನಮ್ಮ ಮನಿ? ನಿಂತೈತಿ, ಗಟ್ಟಿಯಾಗಿ ನಿಂತೈತಿ, ಒಳಕೋಣಿ ಜಂತಿ ಸಂದ್ಯಾಗ ಮುಗಲು ಕಾಣ್ತೈತಿ. ಪರಿಹಾರಕ್ಕಂತ ಬಿದ್ದ ಮನಿ ಪಟ ತಗ್ಯಾಕ ಬಂದಿದ್ದ ಸರಕಾರದ ಹುಡುಗ ಮ್ಯಾಲ ನೋಡಿ, "ಅಮ್ಮಾ, ಇದಿ ಪಡಲೇದು, ತವ್ವಿನಾರು" ಅಂದ. ಬಿದ್ದಿಲ್ಲ, ತೋಡ್ಯಾರ ಅಂತ. ನಮ್ಮ ಹೆಸರು ಬರಕೊಳ್ಳದೆ ಹೋದ.

ಅದಾದ್ರೂ ಸಹಿಸಿಕೊಂತಿದ್ದೆ. ಕೂಸಿಗೆ ಥಂಡಿ ಹತ್ತಿ ಎದಿ ಗೊರ ಗೊರ ಅಂತು, ಜ್ವರ ಬಂತು. ಆದೋನಿ ದವಾಖಾನ್ಯಾಗ ಐದು ದಿನ. ಆ ಸಣ್ಣ ಕೈಯಾಗ ಸೂಜಿ ಚುಚ್ಚಿದ್ದು ನೋಡಿದಾಗ ಲಿಂಗಕ್ಕ ಎದುರಿಗಿದ್ರ ಏನು ಮಾಡ್ತಿದ್ದೆನೋ ಗೊತ್ತಿಲ್ಲ. ಕೂಸು ಉಳೀತು. ಊರಿಗೆ ಬಂದೆ, ನಳದ ಹತ್ರ ಕೊಡ ಇಟ್ಟು ಎಲ್ಲಾ ಹೆಣ್ಮಕ್ಕಳ ಮುಂದ ಹೇಳಿದೆ: "ಲಿಂಗಕ್ಕಗ ತಲಿ ಕೆಟ್ಟೈತಿ. ಗಟ್ಟಿ ಮನಿ ತೋಡಿ ಹಾಳು ಮಾಡಿದ್ಲು. ನನ್ನ ಮೊಮ್ಮಗಳನ್ನ ಕೊಲ್ತಿದ್ಲು. ಆಕೀನ್ನ ಯಾರೂ ಮಾಳಿಗಿ ಹತ್ತಗೊಡಬ್ಯಾಡ್ರಿ." ಒಂದಿನ ಅಲ್ಲ, ದಿನಾ ಹೇಳಿದೆ. ಮಳಿಗೆ ಕೆಟ್ಟ ಮಾಳಿಗಿ ಊರ ತುಂಬ ಇದ್ವು, ಕೆಲಸ ಬೇಕಾದಷ್ಟಿತ್ತು. ಆದ್ರ ಆಕೀನ್ನ ಒಬ್ರೂ ಕರೀಲಿಲ್ಲ. ಕಂಡ ಕೂಡ್ಲೇ ಬಾಗಲ ಮುಚ್ಚಿಕೊಂಡ್ರು. ನನಗ ತಣ್ಣಗಾತು.

ತಿಂಗಳ ಮ್ಯಾಲ ತಗಡು ಹಾಕಿಸಬೇಕಂತ ಮೇಸ್ತ್ರಿ ಸುಂಕೇಶನ್ನ ಕರೆಸಿದ್ವಿ. ಉಳಿದ ಮಣ್ಣು ತಗದು, ಒಳಕೋಣಿ ತೊಲಿ ಬಿಚ್ಚಾಕ ಗೋಡಿ ಕಲ್ಲು ಎಳದ. ಎಳದಾಂವ ಹಂಗೇ ನಿಂತ.

"ಅತ್ತಿ, ಇಲ್ಲಿ ಬಾ" ಅಂದ.

ಕೆಳಗಿಂದ ಬಣ್ಣ ಹಚ್ಚಿ ಚಂದಿದ್ದ ತೊಲಿ, ಗೋಡಿ ಒಳಗಿನ ಗೇಣುದ್ದ ತುದಿ ಪೂರಾ ಗೆದ್ದಲ ತಿಂದಿತ್ತು. ಬೊಟ್ಟು ಇಟ್ರ ಪುಡಿಪುಡಿ ಉದುರ್ತು. ತೊಲಿ ಕುಂತ ಜಾಗ ಬಿಟ್ಟು ಕೆಳಗ ಜಾರಿ ಬಾಗಲ ಚೌಕಟ್ಟಿನ ಮ್ಯಾಲ ಬಂದು ನಿಂತಿತ್ತು. ಇಡೀ ಮಾಳಿಗಿ, ನೀರು ಕುಡದ ಮಣ್ಣೆಲ್ಲಾ, ಆ ಎರಡು ಬೊಟ್ಟು ದಪ್ಪದ ಚೌಕಟ್ಟು ಹೊತ್ತಿತ್ತು. ಅದರ ಕೆಳಗೇ ಮಗಳ ಮಂಚ.

"ಮಣ್ಣು ತಗೀಲಿಲ್ಲ ಅಂದಿದ್ರ ಮಗಳು, ಕೂಸು ಆ ದಿನದ ಸಂಜಿ ಕಾಣ್ತಿರಲಿಲ್ಲ ಅತ್ತಿ" ಅಂದ ಸುಂಕೇಶ.

ಮನಿಯಾತ ನನ್ನ ಕಡಿ ನೋಡಿದ. "ಊರಿಗೆ ಹೇಳಾಕ ಹೋಗಬ್ಯಾಡ, ನಗತಾರ" ಅಂದ. ಇಡೀ ದಿನ ಒಳಗ ಹೊರಗ ತಿರುಗಿದೆ. ಸಂಜಿ ಮುಂದ ಲಿಂಗಕ್ಕನ ಮನಿಗೆ ಹೋದೆ. ಆಕಿ ಚೀಲದಾಗ ಸೀರಿ, ತಟ್ಟಿ, ಚರಗಿ ತುಂಬಾಕತ್ತಿದ್ಲು. ತೊಲಿ ತುದಿ ಗೆದ್ದಲ ತಿಂದಿತ್ತು ಅಂದೆ, ಅಷ್ಟೇ. ಚೀಲ ಬಿಟ್ಟು ನನ್ನ ಮುಂದ ಮುಂದ ನಡದ್ಲು, ಅಲ್ಲ, ಓಡಿದ್ಲು.

ಗೋಡಿ ತೂತಿನಾಗ ಕೈ ಹಾಕಿ ತೊಲಿ ತುದಿ ಪುಡಿ ತಗದು ನೋಡಿದ್ಲು. ಆಮ್ಯಾಲ ನನ್ನ ಕಡಿ ತಿರುಗಿ ಸಣ್ಣ ದನಿಯಾಗ ಕೇಳಿದ್ಲು: "ಹಂಗಾರ ನಾನು ಗಟ್ಟಿ ಮನಿ ಹಾಳು ಮಾಡ್ಲಿಲ್ಲ?"

ಬೈತಾಳ, ಮುಖಕ್ಕ ಉಗುಳ್ತಾಳ ಅಂದ್ಕೊಂಡು ಬಂದಿದ್ದೆ.

"ಇಲ್ಲಕ್ಕ" ಅಂದೆ.

"ನೀ ಅಂದದ್ದು ಖರೇ ಇರಬೇಕು ಅಂತ ನಾನೂ ನಂಬಿದ್ದೆ ತಂಗಿ. ನನಗ ತಲಿ ಕೆಟ್ಟಿರಬೇಕು, ಸುಳ್ಳೇ ಹೆದರಿ ತೋಡಿದೆ ಅಂತ. ಕೂಸು ದವಾಖಾನ್ಯಾಗ ಇದ್ದಾಗ ಎರಡು ಸಲ ಗೇಟಿನ ತನಕ ಬಂದಿದ್ದೆ. ಒಳಗ ಬರಾಕ ಮುಖ ಇರಲಿಲ್ಲ." ಸೆರಗಿಲೆ ಕಣ್ಣು ಒರಸಿಕೊಂಡ್ಲು. "ಸಿಟ್ಟಿನಾಗ ಹಾಕಿದ ಮಣ್ಣದು. ತೊಲಿ ತುದಿ ನೋಡೇ ಹಾಕಬೇಕಿತ್ತು. ಹೊತ್ತಾಕಿ ನಾನು."

"ಹೊರಿಸಿದಾಕಿ ನಾನಕ್ಕ" ಅಂತ ಅತ್ತುಬಿಟ್ಟೆ. ಜೋರಾಗಿ ಅತ್ತೆ, ಸುಂಕೇಶ ಇದ್ದ ಅನ್ನೂದೂ ನೋಡ್ಲಿಲ್ಲ. "ಚೀಲ ಯಾಕ ಕಟ್ಟಾಕತ್ತಿದ್ದಿ?"

"ನಾಳೆ ಬೆಳಿಗ್ಗೆ ಗಾಡಿಗೆ ಗುಂಟೂರು ಕಡಿ ಹೊಂಟೀನಿ, ಮೆಣಸಿನಕಾಯಿ ಬಿಡಸಾಕ. ಕೂಲಿ ಗುಂಪಿನಾಗ ಹೆಸರು ಕೊಟ್ಟೀನಿ."

ಮೂವತ್ತು ವರ್ಷ ಊರು ಬಿಟ್ಟು ಒಂದು ದಿನ ದುಡಿಯಾಕ ಹೋದಾಕಿ ಅಲ್ಲ. "ಹೋಗಬ್ಯಾಡ" ಅಂದೆ.

"ಇಲ್ಲಿ ನನ್ನ ಯಾರು ಕರೀತಾರ ರಾಮಲಕ್ಷ್ಮಿ?" ಅಂದ್ಲು. ಚುಚ್ಚಬೇಕಂತ ಅಂದದ್ದಲ್ಲ, ಖರೇನೇ ಕೇಳಿದ್ಲು.

ಅವತ್ತು ಸಂಜೀನೇ ನಳದ ಹತ್ರ ಹೋಗಿ ಎಲ್ಲಾ ಹೇಳಿದೆ. ಕೆಲವರು ತಲಿ ಅಲ್ಲಾಡಿಸಿದ್ರು. ಒಬ್ಬಾಕಿ, "ಹೋದ ತಿಂಗಳು ಹಂಗಂದಿ, ಈಗ ಹಿಂಗಂತಿ, ಯಾವುದು ಖರೇ?" ಅಂದು ಕೊಡ ಎತ್ತಿಕೊಂಡು ಹೋದ್ಲು. ಬೆಳಿಗ್ಗೆ ಗಾಡಿ ಹೋತು, ಲಿಂಗಕ್ಕನೂ ಹೋದ್ಲು.

ಯುಗಾದಿಗೆ ಬರ್ತಾಳಂತ, ಕುರಿ ಹೊಡಕೊಂಡು ತಿರುಗಿ ಬಂದ ಜಂಬಪ್ಪ ಹೇಳ್ಯಾನ. ಅಷ್ಟರಾಗ ಊರಾಗಿನ ಮಾಳಿಗಿ ಮನಿಯವ್ರೆಲ್ಲಾ ಆಕೀನ್ನ ಕರೀತೀವಿ ಅನ್ನಬೇಕು. ದಿನಾ ಒಂದು ಓಣಿ ಹಿಡದು ಹೋಗ್ತೀನಿ, ಸುಂಕೇಶನ್ನ ಸಾಕ್ಷಿಗೆ ಕರಕೊಂಡು. ಕೆಲವರು ಕುಂದ್ರು ಅಂತಾರ, ಕೆಲವರು ಹೊರಗ ನಿಂದರ್ಸೇ ಮಾತಾಡ್ತಾರ. ಇಲ್ಲಿತನ ಒಪ್ಪಿದ್ದು ನಾಕು ಮನಿ.