ಕಿಟಕಿ ಸಂದಿಯ ಒದ್ದೆ ಸೀರೆ

ನನ್ನ ತಂಗಿ ಪುಣೆಯ ಕೋಥರೂಡಿನ ನಮ್ಮ ಫ್ಲ್ಯಾಟಿಗೆ ಬಂದವಳೇ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿದಳು. ಯಾವ ಬಟ್ಟೆ ಎಂದು ನೋಡಿದರೆ ನನ್ನ ಇಳಕಲ್ ಸೀರೆ!

"ಏನ ಮಾಡಾಕತ್ತೀ, ಹುಚ್ಚಿ?"

"ಧೂಳ ಬರ್ತದ ಅಕ್ಕಾ."

"ಇಲ್ಲಿ ಬರೋದು ಬಸ್ಸಿನ ಹೊಗಿ. ಅದಕ್ಕ ನನ್ನ ಸೀರಿ ಯಾಕ ಬಲಿ ಕೊಟ್ಟಿ?"

ಅವಳದು ಗಣಿ ಊರು. ಬಂಡೆ ಸಿಡಿಸುವ ಮುಂಚೆ ಅಲ್ಲಿ ಸೈರನ್ ಕೂಗುತ್ತದೆ. ಕೂಗಿದ ಕೂಡಲೇ ಓಣಿಯ ಹೆಂಗಸರೆಲ್ಲ ಹಳೇ ಸೀರೆ ನೆನೆಸಿ ಕಿಟಕಿ ಸಂದಿಗೆ ತುರುಕುತ್ತಾರೆ. ಮನೆ ಮುಂದೆ ಹಗಲೆಲ್ಲ ಅದಿರಿನ ಲಾರಿ ಓಡುವುದರಿಂದ ಆಮೇಲೂ ತೆಗೆಯುವುದಿಲ್ಲ. ಗೋಡೆಗಳೋ, ಗಣಿಯವರು ಬೇಡವೆಂದು ಎಸೆದ ಕಲ್ಲಿನವು.

ಒಮ್ಮೆ ಯಾರೋ ವಿಕಿರಣದ ಮೀಟರ್ ತಂದು ಅವಳ ಮನೆಯಲ್ಲಿಟ್ಟು ಅಳೆದರಂತೆ. ವಿಕಿರಣ ಎಲ್ಲ ನೆಲದಲ್ಲೂ ಒಂದಿಷ್ಟು ಇರುತ್ತದೆ, ನಿಮ್ಮಲ್ಲಿ ಹೆಚ್ಚಿದೆ, ಕಲ್ಲಿನಿಂದ ಬರುವ ಅನಿಲಕ್ಕೆ ಬಣ್ಣ ವಾಸನೆ ಇಲ್ಲ, ಮುಚ್ಚಿದ ಮನೆಯಲ್ಲಿ ಅದು ಕೂಡಿಕೊಂಡು ಶ್ವಾಸಕೋಶ ಕೆಡಿಸುತ್ತದೆ, ಕಿಟಕಿ ತೆರೆದಿಡಿ ಎಂದರಂತೆ. ಇವಳು ಅವರಿಗೆ ಚಹಾ ಕೊಟ್ಟು ಕಳಿಸಿ ಕಿಟಕಿ ಮುಚ್ಚಿದಳು.

"ಕಾಣಲಾರದ್ದಕ್ಕ ಅಂಜಬೇಕಂತ, ಕಣ್ಣಾಗ ಬೀಳೋ ಧೂಳಿಗೆ ಅಂಜಬಾರದಂತ!" ಎಂದು ನಕ್ಕಳು. ನಗು ಕೆಮ್ಮಾಯಿತು. ಆ ಕೆಮ್ಮಿಗೇ ನಾನು ಅವಳನ್ನು ಪುಣೆಗೆ ಕರೆಸಿದ್ದು.

ಡಾಕ್ಟರು ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕಲೆ ತೋರಿಸಿದರು. ಗಣಿಯಿಂದಲೇ ಬಂದದ್ದೆಂದು ಒಬ್ಬ ರೋಗಿಯನ್ನು ನೋಡಿ ಹೇಳಲಾಗದು, ಆದರೆ ಆ ಗಾಳಿ ಇವರಿಗೆ ಬೇಡ, ಇಲ್ಲೇ ಇದ್ದು ಔಷಧ ಮಾಡಿಸಿಕೊಳ್ಳಲಿ ಎಂದರು, ಮರಾಠಿಯಲ್ಲಿ. ತಂಗಿಗೆ ಮರಾಠಿ ಬಾರದು. ನಾನೇ ಕನ್ನಡ ಮಾಡಿ, "ಕಿಟಕಿ ಮುಚ್ಚಿದವ್ರಿಗೆ ಔಷಧ ಕೊಡಾಂಗಿಲ್ಲ ಅಂತಾರ" ಎಂದೂ ಸೇರಿಸಿದೆ.

"ಅವರು ಅಂದದ್ದು ಇಷ್ಟ, ನೀ ಹೇಳಿದ್ದು ಅಷ್ಟುದ್ದ?" ಎಂದು ನನ್ನನ್ನು ಚಿವುಟಿದಳು.

ಆದರೂ ನಮ್ಮಲ್ಲಿ ನಿಲ್ಲಲು ಒಪ್ಪಲಿಲ್ಲ. ಅವಳ ಗಂಡನಿಗೆ ಗಣಿಯಲ್ಲಿ ದುಡಿದು ದುಡಿದು ಉಬ್ಬಸ. ಊರು ಬಿಟ್ಟು ಬರಲೊಲ್ಲ.

"ಅವರಿಗೆ ರೊಟ್ಟಿ ಬಡಿಯೋರು ಯಾರು ಅಕ್ಕಾ?"

ಬೈದೆ. ಅತ್ತು ಕರೆದೆ. ಚಪ್ಪಲಿ ಬಚ್ಚಿಟ್ಟೆ. ನನ್ನ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಕೊನೆಗೆ ದೊಡ್ಡವಳಾದ ನಾನೇ ಅವಳ ಕಾಲು ಹಿಡಿದೆ.

"ಬಿಡ ಅಕ್ಕಾ, ನನಗ ಪಾಪ ಹತ್ತತದ."

ಹೋದಳು.

ಫೋನಿನಲ್ಲಿ ಕಿಟಕಿಯ ಮಾತೆತ್ತಿದರೆ ಕಟ್ ಮಾಡುತ್ತಾಳೆ. ಅದಕ್ಕೇ ಮೊಮ್ಮಗಳ ಕೈಯಲ್ಲಿ ಬೈಸಿಕೊಂಡು ಟೈಪ್ ಮಾಡಲು ಕಲಿತೆ. ಬರೆದು ಕಳಿಸಿದ್ದನ್ನು ಹೇಗೆ ಕಟ್ ಮಾಡುತ್ತಾಳೆ ನೋಡೋಣ. ದಿನಾ ಬೆಳಿಗ್ಗೆ ಅದೊಂದೇ ಕೇಳುತ್ತೇನೆ, ಕಿಟಕಿ ತೆಗೆದೆಯಾ ಎಂದು. ಅವಳು ಓದಿ, ದನಿ ರೆಕಾರ್ಡ್ ಮಾಡಿ ಕಳಿಸುತ್ತಾಳೆ.

"ತಗದೀನಿ ಅಕ್ಕಾ. ಎಲ್ಲಾ ತಗದೀನಿ."

ಫೋನನ್ನು ಕಿವಿಗೊತ್ತಿ ಮತ್ತೆ ಮತ್ತೆ ಕೇಳುತ್ತೇನೆ. ತೆರೆದ ಕಿಟಕಿಯಿಂದ ಒಂದಾದರೂ ಲಾರಿ ಹೋದ ಸದ್ದು ಬಂದೀತೆಂದು ಕಾಯುತ್ತೇನೆ. ಸದ್ದಿಲ್ಲ. ಅವಳ ದನಿ ಸ್ಪಷ್ಟವಾಗಿದೆ. ಕೆಮ್ಮು ಅದಕ್ಕಿಂತ ಸ್ಪಷ್ಟ.